ನಾಲ್ಕು ತಾಸಿನ ಕೊರತೆ

ಶಾಲೆಯ ಅಂಗಳದಲ್ಲಿದ್ದ ನೀರಿನ ಟ್ಯಾಂಕಿನ ಕಂಬಗಳು ಬೆರಳು ತೂರುವಷ್ಟು ಬಿರುಕು ಬಿಟ್ಟಿದ್ದವು. ಇಂಜಿನಿಯರ್ ನೀಲಾಂಬಿಕಾ ಅದನ್ನು ಕಣ್ಣಾರೆ ನೋಡಿ, ಕೂಡಲೇ ಕೆಡವಬೇಕೆಂದು ವರದಿ ಬರೆದು ಪಂಚಾಯಿತಿಗೆ ಒಯ್ದಳು.

ಕಾರ್ಯದರ್ಶಿ ವರದಿಯನ್ನು ಹಿಂದಕ್ಕೆ ಸರಿಸಿದ. "ನಿಮ್ಮ ಲೈಸೆನ್ಸ್ ಮುಗದೈತ್ರಿ ಮೇಡಂ. ಈ ವರ್ಷದ ತರಬೇತಿಯೊಳಗ ನಾಕು ತಾಸು ಕಡಿಮಿ ಬಿದ್ದಾವ, ಅದು ತುಂಬೂತನಕ ಹೊಸಾ ಲೈಸೆನ್ಸ್ ಕೊಡಂಗಿಲ್ಲ. ನಿಮ್ಮ ಸಹಿ ನಡಿಯಂಗಿಲ್ಲ."

"ಟ್ಯಾಂಕ್ ನನ್ನ ಲೈಸೆನ್ಸಿಗೆ ಕಾಯ್ತದೇನ್ರಿ? ಅದರ ಬುಡದಾಗ ಮಕ್ಕಳು ಊಟಕ್ಕ ಕೂಡ್ತಾವ!"

"ನಾ ಏನ್ ಮಾಡ್ಲಿ? ನಿಯಮ ಐತಿ."

ಮರುದಿನವೇ ಆಕೆ ಜಿಲ್ಲಾ ಕೇಂದ್ರದ ತರಬೇತಿಗೆ ಓಡಿದಳು. ಹಳೆಯ ಕಟ್ಟಡಗಳನ್ನು ಪರೀಕ್ಷಿಸುವುದು ಹೇಗೆ ಎಂಬುದು ಅಂದಿನ ವಿಷಯ. ವೇದಿಕೆಯ ಮೇಲೆ ಹಿರಿಯ ಇಂಜಿನಿಯರರೊಬ್ಬರು ಸೊಗಸಾಗಿ ಪಾಠ ಹೇಳಿದರು. ಒಂದು ಮಾತೂ ಅವಳ ಕಿವಿಗೆ ಇಳಿಯಲಿಲ್ಲ. ಕಣ್ಣಮುಂದೆ ಆ ಕಂಬಗಳೇ ಬರುತ್ತಿದ್ದವು. ಗೋಡೆಯ ಗಡಿಯಾರ ನೋಡುತ್ತಲೇ ನಾಲ್ಕು ತಾಸು ತಳ್ಳಿದಳು. ಪ್ರಮಾಣಪತ್ರ ಕೈಗೆ ಬಂದದ್ದೇ ತಡ, ಹೊರಗೆ ಬಂದು ಕಾರ್ಯದರ್ಶಿಗೆ ಫೋನ್ ಮಾಡಿದಳು.

"ತರಬೇತಿ ಮುಗೀತ್ರಿ. ಲೈಸೆನ್ಸ್ ಕೈಗೆ ಬಂದ ಕೂಡ್ಲೆ ವರದಿ ತರ್ತೀನಿ. ಅಲ್ಲೀತನಕ ಮಕ್ಕಳನ್ನ ಆ ಕಡೆ ಬಿಡಬ್ಯಾಡ್ರಿ."

"ಇನ್ನ ಆ ವರದಿ ಬ್ಯಾಡ್ರಿ ಮೇಡಂ. ಟ್ಯಾಂಕ್ ಗಟ್ಟಿ ಐತಿ ಅಂತ ಬ್ಯಾರೆ ಇಂಜಿನಿಯರ್ ನಿನ್ನೆ ಸಂಜೀಕೇ ಸಹಿ ಹಾಕಿ ಕಳಿಸ್ಯಾರ."

"ಯಾರ್ರಿ ಅವರು? ಬಂದು ನೋಡಿದ್ರೇನು?"

"ಬರಾಕ ಅವರಿಗೆಲ್ಲಿ ಪುರುಸೊತ್ತ್ರಿ, ಇವತ್ತ ನಿಮಗೆಲ್ಲಾ ಪಾಠ ಹೇಳೂದಿತ್ತಲ್ಲ."