ಕೈತಪ್ಪಿದ ಹುದ್ದೆ

ಸೇನಾ ಮುಖ್ಯಸ್ಥನಾಗಿ ನೇಮಕಗೊಂಡ ದಿನವೇ ಅಯ್ಯಣ್ಣನ ನೆಮ್ಮದಿ ಹಾರಿಹೋಯಿತು. ಸೇವೆಯಲ್ಲಿ ತನಗಿಂತ ಹಿರಿಯರಾದ, ಯುದ್ಧದಲ್ಲಿ ಒಮ್ಮೆ ತನ್ನ ಜೀವ ಉಳಿಸಿದ್ದ ಅಧಿಕಾರಿಯನ್ನು ಬಿಟ್ಟು ದೇಶದ ಅಧ್ಯಕ್ಷರು ತನ್ನನ್ನು ಆರಿಸಿದ್ದರು. ಮುಂದಿನ ಸವಾಲುಗಳೇನು ಎಂದು ಪತ್ರಕರ್ತರು ಕೇಳಿದಾಗ ಗಡಿಯ ಬಗ್ಗೆ ಏನೋ ಹೇಳಿ ಸಾಗಹಾಕಿದ. ಅವನಿಗೆ ಹೆದರಿಕೆಯಿದ್ದದ್ದು ಆ ಹಿರಿಯರ ಮುಖ ನೋಡುವುದಕ್ಕೆ.

ಸಂಜೆ ಅವರೇ ಕಚೇರಿಗೆ ಬಂದರು. ಅಯ್ಯಣ್ಣ ಗಡಬಡಿಸಿ ಎದ್ದು ನಿಂತ.

"ಕೂತ್ಕೋ. ಇನ್ಮೇಲೆ ಸೆಲ್ಯೂಟ್ ಹೊಡೀಬೇಕಾದ್ದು ನಾನು," ಎಂದು ಅವರು ನಕ್ಕರು.

"ಸರ್, ಇದು ನಿಮ್ಮ ಕುರ್ಚಿ. ನಾನು ಯಾರ ಹತ್ರಾನೂ ಲಾಬಿ ಮಾಡಿಲ್ಲ, ದಯವಿಟ್ಟು ನಂಬಿ."

"ನಂಬ್ತೀನಪ್ಪ. ಅಧ್ಯಕ್ಷರು ಮೊದಲು ನನ್ನನ್ನೇ ಕರೆಸಿದ್ರು. ನಾನೇ ಬೇಡ ಅಂದೆ."

"ಯಾಕೆ ಸರ್?"

"ಚೌಕದಲ್ಲಿ ಧರಣಿ ಕೂತಿರೋ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸೋಕೆ ಆರ್ಡರ್ ಕೊಡ್ತೀರಾ ಅಂತ ಕೇಳಿದ್ರು. ಆಗಲ್ಲ ಅಂದೆ."

ಅಯ್ಯಣ್ಣ ತಲೆ ತಗ್ಗಿಸಿದ. ಹಿರಿಯರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದರು:

"ನಿನ್ನನ್ನೂ ಕೇಳಿರ್ತಾರಲ್ಲ, ನೀನೇನಂದೆ?"