ಚರ್ಚಿನ ಮೆಟ್ಟಿಲ ಮೇಲೆ ಚಪ್ಪಲಿ

ಮಗಳು ಹುಟ್ಟುಹಬ್ಬದ ಮೇಣದಬತ್ತಿ ಊದಿ ಆರಿಸಿದಾಗ ಏಳುವ ಹೊಗೆಯ ವಾಸನೆಗೆ ನನ್ನ ಕಾಲಿನ ಹೆಬ್ಬೆರಳು ಇಂದಿಗೂ ತಾನಾಗಿ ಮುದುಡಿಕೊಳ್ಳುತ್ತದೆ.

ನನಗಾಗ ಒಂಬತ್ತು ವರ್ಷ. ಮೈಸೂರಿನಿಂದ ಬಂದಿದ್ದ ಅಜ್ಜಿಯನ್ನು ಕರೆದುಕೊಂಡು ನಾವಿದ್ದ ಐರ್ಲೆಂಡಿನ ಲಿಮೆರಿಕ್‌ನಿಂದ ಜರ್ಮನಿಗೆ ಪ್ರವಾಸ ಹೋಗಿದ್ದೆವು. ಮ್ಯೂನಿಕ್‌ನಲ್ಲಿ ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡಂತಿದ್ದ ಪುಟ್ಟ ಹಳೆಯ ಚರ್ಚು. ಇಣುಕಿದರೆ ಒಳಗೆ ಒಂದು ಗೇಣು ಗೋಡೆಯೂ ಖಾಲಿ ಇರಲಿಲ್ಲ: ಚಿನ್ನದ ಬಳ್ಳಿ, ತಿರುಚಿದ ಕಂಬ, ಕೆನ್ನೆ ಉಬ್ಬಿದ ರೆಕ್ಕೆಯ ಮಕ್ಕಳು. ಅಜ್ಜಿ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರು.

“ಅಜ್ಜಿ, ಇಲ್ಲಿ ಶೂ ಹಾಕ್ಕೊಂಡೇ ಹೋಗೋದು. ಇಟ್ಸ್ ಗ್ರ್ಯಾಂಡ್, ಏನೂ ಪರವಾಗಿಲ್ಲ,” ಎಂದೆ. ನನ್ನ ಕಾಲುಚೀಲದಲ್ಲಿ ತೂತಿತ್ತು.

“ಹಾಕ್ಕೊಂಡು ಹೋಗೋಕೆ ಇದೇನು ಬಸ್ ಸ್ಟ್ಯಾಂಡಾ? ಬಿಚ್ಚು.”

ಅಪ್ಪ ಆಗಲೇ ಬಗ್ಗಿ ಲೇಸು ಬಿಚ್ಚುತ್ತಿದ್ದರು.

ಒಳಗೆ ತಣ್ಣನೆಯ ಕಲ್ಲಿನ ಮೇಲೆ ಹೆಬ್ಬೆರಳು ಮಡಚಿ ನಿಂತೆ. ಅಜ್ಜಿ ಕೈಮುಗಿದು, ಎಲ್ಲವನ್ನೂ ಸಾವಕಾಶವಾಗಿ ನೋಡಿ, ಅಪ್ಪನಿಗೆ ಹೇಳಿದರು: “ಇಷ್ಟು ಚಿನ್ನ ಹಾಕಿದೋರು ಚಪ್ಪಲಿಗೊಂದು ಸ್ಟ್ಯಾಂಡ್ ಮಾಡ್ಸಿಲ್ವಲ್ಲೋ.”

ತಿರುಗಿ ನೋಡಿದರೆ ನಮ್ಮ ಹಿಂದೆ ಬಂದ ಪ್ರವಾಸಿಗಳೆಲ್ಲ ಬರೀ ಕಾಲುಚೀಲದಲ್ಲಿದ್ದರು. ನಮ್ಮ ಚಪ್ಪಲಿ, ಶೂಗಳನ್ನು ಕಂಡು, ಇಲ್ಲಿಯ ನಿಯಮವೇ ಅದೆಂದುಕೊಂಡು, ಮೆಟ್ಟಿಲ ತುಂಬ ತಮ್ಮವನ್ನೂ ಬಿಟ್ಟು ಬಂದಿದ್ದರು.

ಮೇಣದಬತ್ತಿಗಳನ್ನು ಆರಿಸುತ್ತಿದ್ದ ಮುದುಕ ಮೇಲ್ವಿಚಾರಕ ಎಲ್ಲರ ಕಾಲುಗಳನ್ನೂ ನೋಡುತ್ತ, ಹೊಗೆಯ ಜೊತೆಯಲ್ಲೇ ನಮ್ಮ ಬಳಿ ಬಂದ. ಅಜ್ಜಿ ಅವನ ಬೂಟುಗಳನ್ನು ನೋಡಿದರು. ಅವನೂ ನೋಡಿಕೊಂಡ. ಆಮೇಲೆ ಬೆಂಚಿನ ಮೇಲೆ ಕೂತು ಬಿಚ್ಚಿದ.

ಅವನ ಹೆಬ್ಬೆರಳೂ ಕಾಲುಚೀಲದಿಂದ ಹೊರಗಿತ್ತು. ನಾನು ನನ್ನದನ್ನು ನೆಟ್ಟಗೆ ಮಾಡಿದೆ.