ಸುತ್ತಿಗೆಯ ಉತ್ತರ

ಜೋರು ಸದ್ದು ತನಗಿಂತ ಮುಂಚಿನ ಮೂರು ಸೆಕೆಂಡಿನ ಮಾತನ್ನು ನುಂಗಿಬಿಡುತ್ತದೆ. ಹಾಗಾಗಿ ನಮ್ಮ ತಾಮ್ರದ ಕೆಲಸದವರ ಬೀದಿಯಲ್ಲಿ ಯಾರಾದರೂ ಮಾತಾಡಿದರೆ, ಮೂರು ಎಣಿಸಿಯೇ ಸುತ್ತಿಗೆ ಹೊಡೆಯಬೇಕು. ಎಣಿಸದೆ ಹೊಡೆದರೆ 'ನಿನ್ನ ಮಾತು ನನಗೆ ಬೇಡ' ಎಂದರ್ಥ.

ಎದುರಂಗಡಿಯ ವಿಮಲೆ ಇವತ್ತೂ ನನ್ನನ್ನು ದಾಟಿಕೊಂಡು ನನ್ನ ಜೊತೆ ಕೆಲಸ ಮಾಡುವ ಮೌನೇಶನ ಹತ್ತಿರವೇ ಹೋಗಿ ನಿಂತಳು. ಅವನಲ್ಲಿ ಅಂಥದ್ದೇನಿದೆಯೋ. ನಾಚಿಕೊಂಡು ಅವಳು ತುಟಿ ಆಡಿಸಿದ್ದೇ ತಡ, ಕೊಡದ ಮೇಲೆ ಬಲವಾಗಿ ಬಡಿದೆ. ನನಗೂ ಮೌನೇಶನಿಗೂ ಒಂದಕ್ಷರ ಕೇಳಿಸಲಿಲ್ಲ. ವಿಮಲೆ ನನ್ನನ್ನೇ ನೋಡಿ, ತಲೆ ತಗ್ಗಿಸಿ ಹೊರಟುಹೋದಳು. ನನಗೆ ಹಾಯೆನಿಸಿತು.

ಕಿವಿ ಕೇಳದ ನಮ್ಮ ಯಜಮಾನರು ತುಟಿ ನೋಡಿಯೇ ಮಾತು ತಿಳಿಯುವವರು.

"'ಮೌನೇಶಣ್ಣ, ನಾನು ಅವ್ರಿಗೆ ಒಪ್ಪಿಗೇನಾ, ಕೇಳಿ ನೋಡಿ' ಅಂದ್ಲು ಕಣೋ," ಎಂದರು. "ನೀನೇ ಉತ್ತರ ಕೊಟ್ಬಿಟ್ಟೆ."